ಕೋವಿಯ ತಪ್ಪೋ, ತೋಟಾದ ತಪ್ಪೋ?

ಯಂತ್ರವೊಂದು ಕೈಕೊಟ್ಟಾಗ ನಾವು ಮೊದಲು ಶಪಿಸುವುದು ಯಂತ್ರವನ್ನೇ. ಅದಕ್ಕೆ ಉಣಿಸಿದ ಆಹಾರ ಎಂಥದೆಂದು ವಿಚಾರಿಸುವವರು ವಿರಳ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೆಳೆಯುವ ಈ ನ್ಯಾಯ ಅಡುಗೆಮನೆಯ ಸ್ಟವ್ವಿನ ಮಟ್ಟಿಗೆ ನಡೆದೀತು. ಕೋವಿಯ ಮಟ್ಟಿಗೆ ನಡೆಯದು. ಅಲ್ಲಿ ತೆರಬೇಕಾದ ಬೆಲೆ ಕಣ್ಣು, ಕೈ, ಒಮ್ಮೊಮ್ಮೆ ಪ್ರಾಣ.

ಅಮೆರಿಕದ ಬೇಟೆಗಾರರಲ್ಲಿಯೂ ಗುರಿಕಾರರಲ್ಲಿಯೂ ಅನೇಕರು ಹಾರಿಸಿದ ತೋಟಾದ ಹಿತ್ತಾಳೆಯ ಕವಚವನ್ನು ಎಸೆಯುವುದಿಲ್ಲ. ಅದನ್ನು ಆಯ್ದು ತಂದು, ಹೊಸ ಕೇಪು ಕೂರಿಸಿ, ಮದ್ದನ್ನು ತೂಗಿ ತುಂಬಿ, ಮೇಲೊಂದು ಗುಂಡನ್ನು ಬಿಗಿದು ಮತ್ತೆ ಬಳಸುತ್ತಾರೆ. ಇದರಿಂದ ಖರ್ಚು ಉಳಿಯುತ್ತದೆ. ತಮ್ಮ ಕೋವಿಗೆ ಒಪ್ಪುವಂಥ ತೋಟಾವೂ ದೊರೆಯುತ್ತದೆ. ಆದರೆ ಕಾರ್ಖಾನೆ ಹೊರುತ್ತಿದ್ದ ಹೊಣೆಯೆಲ್ಲ ಈಗ ತುಂಬಿದವನ ಹೆಗಲಿಗೆ ಬೀಳುತ್ತದೆ.

ಈಡು ಹಾರಿದ ಕ್ಷಣದಲ್ಲಿ ಕವಚ ಹಿಗ್ಗಿ, ತಾನು ಕುಳಿತ ಗೂಡಿನ ಗೋಡೆಗೆ ಒತ್ತಿಕೊಂಡು, ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಮರುಕ್ಷಣವೇ ಕೊಂಚ ಕುಗ್ಗಿದರೂ ಮೊದಲಿನ ಅಳತೆಗೆ ಪೂರ್ಣವಾಗಿ ಮರಳದು. ಅದನ್ನು ಅಚ್ಚಿನಲ್ಲಿ ಸರಿಯಾಗಿ ಒತ್ತದಿದ್ದರೆ ಬೋಲ್ಟು ಮುಚ್ಚಿಕೊಳ್ಳುವುದಿಲ್ಲ. ಕವಚದ ಕತ್ತು ಉದ್ದವಾಗಿ ಬೆಳೆದಿದ್ದರೆ ಅದು ಗುಂಡನ್ನು ಹಿಸುಕಿ ಒತ್ತಡವನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ಬುಡದ ಬಳಿ ಬಳೆಯಂತೆ ಮಿನುಗುವ ಗೆರೆ ಕಂಡರೆ ಅಲ್ಲಿ ಲೋಹ ತೆಳುವಾಗಿ ಕವಚ ತುಂಡಾಗುವ ಕಾಲ ಹತ್ತಿರವಾಗಿದೆಯೆಂದೇ ತಿಳಿಯಬೇಕು. ಕೇಪು ಚಪ್ಪಟೆಯಾಗಿ, ಕವಚ ಹೊರಬರಲು ಹಟಮಾಡಿದರೆ ಮದ್ದು ಮಿತಿಮೀರಿರಬಹುದು.

ಎಲ್ಲಕ್ಕಿಂತ ಭಯಂಕರವಾದುದು ಸದ್ದು ಕುಗ್ಗಿದ ಈಡು. ಮದ್ದಿಲ್ಲದೆ ಕೇಪೊಂದೇ ಸಿಡಿದು ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಮತ್ತೊಂದು ಈಡು ಹಾರಿಸಿದರೆ ನಳಿಗೆಯೇ ಸಿಡಿದೀತು. ಅಲ್ಲಿಗೇ ಕೈತಡೆದು, ಕೋವಿಯನ್ನು ಬರಿದುಮಾಡಿ, ನಳಿಗೆಯನ್ನು ಪರೀಕ್ಷಿಸುವುದೇ ವಿವೇಕ.

ಕೋವಿ ಪದೇಪದೇ ತಡವರಿಸುತ್ತಿದ್ದರೆ, ಅದಕ್ಕೆ ಒಪ್ಪುವ ಹೊಸ ಕಾರ್ಖಾನೆಯ ತೋಟಾವನ್ನು ಅದರಲ್ಲಿಯೇ ಹಾರಿಸಿ ನೋಡುವುದು ಅನುಭವಸ್ಥರ ಕ್ರಮ. ಅದು ಸುಗಮವಾಗಿ ಹಾರಿತೆಂದರೆ ಅನುಮಾನ ಮನೆಯ ತೋಟಾದ ಮೇಲೆಯೇ ನಿಲ್ಲುತ್ತದೆ.

ಹಾಗೆಂದು ಕಾರ್ಖಾನೆಯಿಂದ ಬಂದುದೆಲ್ಲ ನಿರ್ದೋಷಿಯೆಂದೂ ಹೇಳಲಾಗದು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ದೊರೆತ ಎಂ-16 ರೈಫಲಿನ ಕಥೆಯೇ ಇದಕ್ಕೆ ಸಾಕ್ಷಿ. ಯೂಜೀನ್ ಸ್ಟೋನರ್ ರೂಪಿಸಿದ ಮೂಲ ರೈಫಲು ಒಂದು ಬಗೆಯ ಮದ್ದಿನೊಡನೆ ಪರೀಕ್ಷೆಗೊಂಡಿತ್ತು. ಮುಂದೆ ಸೈನ್ಯವು ಬೇರೊಂದು ಬಗೆಯ ಮದ್ದನ್ನು ತೋಟಾಗಳಿಗೆ ತುಂಬಿಸಿತು. ಹಾರಾಟದ ವೇಗ ಹೆಚ್ಚಿತು, ಮಸಿಯೂ ಹೆಚ್ಚಿತು. ಸಾಲದುದಕ್ಕೆ, ಈ ಕೋವಿಗೆ ಶುಚಿಮಾಡುವ ಅಗತ್ಯ ಹೆಚ್ಚಿಲ್ಲವೆಂಬ ನಂಬಿಕೆ ಹರಡಿತ್ತು. ಶುಚಿಮಾಡುವ ಸಲಕರಣೆಗಳೂ ಸಾಕಷ್ಟು ಇರಲಿಲ್ಲ. ತೇವದ ಹವೆಯಲ್ಲಿ ತೋಟಾದ ಗೂಡು ತುಕ್ಕುಹಿಡಿಯಿತು. ಹಾರಿದ ಕವಚ ಒಳಗೇ ಕಚ್ಚಿಕೊಂಡಾಗ ಸೈನಿಕರು ಗುಂಡಿನ ಮಳೆಯ ನಡುವೆ ಬಾಯಿಯ ಕಡೆಯಿಂದ ಸಲಾಕೆ ತೂರಿಸಿ ಅದನ್ನು ಕೆಡವಬೇಕಾಯಿತು. ಕೈಯಲ್ಲಿ ಸಿಕ್ಕಿಬಿದ್ದ ರೈಫಲನ್ನು ಹಿಡಿದೇ ಪ್ರಾಣಬಿಟ್ಟವರುಂಟು.

1967ರಲ್ಲಿ ಅಮೆರಿಕದ ಪ್ರತಿನಿಧಿಸಭೆಯ ಉಪಸಮಿತಿಯೊಂದು ರಿಚರ್ಡ್ ಐಕಾರ್ಡರ ನೇತೃತ್ವದಲ್ಲಿ ವಿಚಾರಣೆ ನಡೆಸಿ, ಮದ್ದಿನ ಬದಲಾವಣೆಯತ್ತಲೇ ಬೆರಳು ತೋರಿತು. ಗೂಡಿಗೆ ಕ್ರೋಮಿಯಂ ಲೇಪನ, ಶುಚಿಮಾಡುವ ಸಲಕರಣೆ, ವಿಲ್ ಐಸ್ನರ್ ಚಿತ್ರ ಬರೆದ ಕೈಪಿಡಿ ಇವೆಲ್ಲ ಬಂದ ಮೇಲೆ ಅದೇ ರೈಫಲು ನೆಚ್ಚಿಕೆಗೆ ಪಾತ್ರವಾಯಿತು.

ತೋಟಾ ತುಂಬುವವರಲ್ಲಿ ಜಾಗರೂಕರಾದವರು ಒಂದು ಪುಸ್ತಕವಿಟ್ಟು, ಮದ್ದಿನ ಬಗೆ, ತೂಕ, ಕವಚ ಎಷ್ಟನೆಯ ಬಾರಿ ಬಳಕೆಯಾಗುತ್ತಿದೆ ಎಂಬುದನ್ನೆಲ್ಲ ಬರೆದಿಡುತ್ತಾರೆ. ನಿನ್ನೆ ನೆಟ್ಟಗಿದ್ದ ಕೋವಿ ಇಂದು ಮುಷ್ಕರ ಹೂಡಿದರೆ ಅವರು ಸುತ್ತಿಗೆ ಹುಡುಕುವುದಿಲ್ಲ. ನಡುವೆ ಬದಲಾದುದೇನೆಂದು ತಿಳಿಯಲು ಆ ಪುಸ್ತಕವನ್ನು ತೆರೆಯುತ್ತಾರೆ. ಅಂಥದೊಂದು ಲೆಕ್ಕ ವಿಯೆಟ್ನಾಂ ಯುದ್ಧಕ್ಕೆ ಮೊದಲೇ ಸರಿಯಾಗಿ ನಡೆದಿದ್ದರೆ ಎಷ್ಟೋ ಮನೆಗಳ ಮಕ್ಕಳು ಮರಳಿ ಬರುತ್ತಿದ್ದರೇನೋ.