ಮಾತ್ರೆಗೆ ಹೆದರ್ತೀವಿ, ಪರೀಕ್ಷೆಗೆ ಮಾತ್ರ ಪುರುಸೊತ್ತಿಲ್ಲ!

ಮೊನ್ನೆ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದೆ. ಅಡುಗೆಮನೆಯಲ್ಲಿ ಅಕ್ಕ ಮೊಬೈಲ್ ಕೈಗಿಟ್ಟು "ಇದು ನಿಜಾನಾ ನೋಡೇ" ಅಂದಳು. ವಾಟ್ಸಾಪಿನಲ್ಲಿ ಬಂದ ಸಂದೇಶ. ಗರ್ಭನಿರೋಧಕ ಮಾತ್ರೆ ನುಂಗಿದರೆ ಗರ್ಭಕಂಠದ ಕ್ಯಾನ್ಸರ್ ಬರೋ ಸಾಧ್ಯತೆ ದುಪ್ಪಟ್ಟಂತೆ, ಇವತ್ತೇ ನಿಲ್ಲಿಸಬೇಕಂತೆ! ಆರು ವರ್ಷದಿಂದ ತಗೊಳ್ತಿದ್ದ ಮಾತ್ರೆಯನ್ನು ಅಕ್ಕ ಅವತ್ತೇ ಕಸದ ಬುಟ್ಟಿಗೆ ಹಾಕಿದ್ದಳು. ಡಾಕ್ಟರನ್ನು ಕೇಳಿದೆಯಾ ಅಂದರೆ, ಇಲ್ಲ.

ನಾನು ಡಾಕ್ಟರಲ್ಲ, ಇಂಜಿನಿಯರಿಂಗ್ ಓದಿ ಕೋಡ್ ಬರೆಯುವವಳು. ಆದರೆ ಅಂಕಿ ಕಂಡರೆ ಕೆದಕೋ ಚಟ. ರಾತ್ರಿ ಕೂತು ಓದಿದೆ.

ಸಂದೇಶ ಪೂರ್ತಿ ಸುಳ್ಳಲ್ಲ, ಅದೇ ಅದರ ಅಪಾಯ. 2007ರಲ್ಲಿ ಲಾನ್ಸೆಟ್ ಪತ್ರಿಕೆ 24 ಅಧ್ಯಯನಗಳನ್ನು ಒಟ್ಟು ಸೇರಿಸಿದ ಲೆಕ್ಕವೊಂದನ್ನು ಪ್ರಕಟಿಸಿತು. ಐದು ವರ್ಷಕ್ಕಿಂತ ಹೆಚ್ಚು ಕಾಲ ಮಾತ್ರೆ ತಗೊಳ್ತಿರುವವರಿಗೆ ಅಪಾಯ ಸುಮಾರು 1.9 ಪಟ್ಟು. ಆದರೆ ನಿಲ್ಲಿಸಿದ ಮೇಲೆ ಇಳಿಯುತ್ತಾ ಹೋಗಿ, ಹತ್ತು ವರ್ಷದಲ್ಲಿ ಎಂದೂ ಮಾತ್ರೆ ನುಂಗದವರ ಮಟ್ಟಕ್ಕೇ ಬರುತ್ತೆ. ಇನ್ನು "ದುಪ್ಪಟ್ಟು" ಅಂದರೆ ಎಷ್ಟು? ಇಪ್ಪತ್ತರಿಂದ ಮೂವತ್ತರವರೆಗೆ ಹತ್ತು ವರ್ಷ ಮಾತ್ರೆ ತಗೊಂಡರೆ, ನಮ್ಮಂಥ ದೇಶಗಳಲ್ಲಿ ಐವತ್ತು ವಯಸ್ಸಿನೊಳಗೆ ಈ ಕ್ಯಾನ್ಸರ್ ಬರುವವರು ಸಾವಿರಕ್ಕೆ 7.3 ಇದ್ದದ್ದು 8.3 ಆಗುತ್ತೆ ಅಂತ ಅಂದಾಜು. ಸಾವಿರಕ್ಕೆ ಒಬ್ಬರು ಹೆಚ್ಚು! ಇದೇ ಮಾತ್ರೆ ಅಂಡಾಶಯದ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರನ್ನು ಕಡಿಮೆ ಮಾಡುತ್ತೆ ಅನ್ನೋದನ್ನು ಯಾರೂ ಫಾರ್ವರ್ಡ್ ಮಾಡಲ್ಲ ನೋಡಿ.

ಸರಿ, ಆ ಒಬ್ಬಳೂ ಮುಖ್ಯ ತಾನೇ? ಖಂಡಿತ. ಆದರೆ ಉಳಿದ 7.3?

ಮೂಲ ಬಗ್ ಮಾತ್ರೆಯಲ್ಲಿಲ್ಲ ಸ್ವಾಮಿ, ಎಚ್‌ಪಿವಿ ಅನ್ನೋ ವೈರಸ್ಸಿನಲ್ಲಿದೆ. ಅದನ್ನು ಕಂಡುಕೊಂಡ ಹೆರಾಲ್ಡ್ ಝುರ್ ಹೌಸನ್‌ಗೆ 2008ರಲ್ಲಿ ನೊಬೆಲ್ ಬಂತು. ಬಹುತೇಕರಲ್ಲಿ ಈ ಸೋಂಕು ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತೆ. ಕೆಲವರಲ್ಲಿ ಉಳಿದುಕೊಂಡು ಗರ್ಭಕಂಠದ ಜೀವಕೋಶಗಳನ್ನು ಕೆಡಿಸುತ್ತೆ. ಇದು ಕ್ಯಾನ್ಸರ್ ಅಲ್ಲ, ಅದರ ಮುಂಚಿನ ಹಂತ. ಅಲ್ಲಿಂದ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತಾರು ವರ್ಷ ಬೇಕು. ಅಷ್ಟು ವರ್ಷ ಸಿಸ್ಟಮ್ ವಾರ್ನಿಂಗ್ ಕೊಡ್ತಾನೇ ಇರುತ್ತೆ, ನಾವು ಲಾಗ್ ತೆರೆದೇ ನೋಡಲ್ಲ!

ನೋಡೋದು ಕಷ್ಟಾನಾ? ಗರ್ಭಕಂಠಕ್ಕೆ ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚಿ ಒಂದು ನಿಮಿಷ ಕಾದರೆ ಕೆಟ್ಟ ಜಾಗ ಬೆಳ್ಳಗಾಗುತ್ತೆ. ಮುಂಬೈಯಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಇಷ್ಟೇ ಪರೀಕ್ಷೆ ಮಾಡಿದ್ದಕ್ಕೆ ಸಾವು 31% ತಗ್ಗಿತು ಅಂತ 2014ರಲ್ಲಿ ಪ್ರಕಟವಾಗಿದೆ. ಮೂವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಮಾಡಬೇಕು ಅಂತ 2016ರಲ್ಲಿ ಕೇಂದ್ರ ಸರ್ಕಾರವೇ ಮಾರ್ಗಸೂಚಿ ಕೊಟ್ಟಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವಯಸ್ಸಿನವರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಆದವರು ಎಷ್ಟು ಗೊತ್ತಾ? 1.9%!

ಅದೇ ಸಮೀಕ್ಷೆಯಲ್ಲಿ ಸಂತಾನಹರಣ ಆಪರೇಷನ್ ಆದ ಹೆಂಗಸರು 37.9%, ಗಂಡಸರು 0.3%. ಅಂದರೆ ಆಪರೇಷನ್ ಟೇಬಲ್ಲಿಗೆ ಹೆಣ್ಣನ್ನು ಕರೆತರಲು ನಮ್ಮ ವ್ಯವಸ್ಥೆಗೆ ಚೆನ್ನಾಗಿ ಗೊತ್ತು. ಆಮೇಲೆ ಅವಳು ಕಾಣೆ. ನಾಳ ಕಟ್ಟಿದರೆ ವೈರಸ್ ನಿಲ್ಲಲ್ಲ. ಕಾಂಡೋಮ್ ಸ್ವಲ್ಪ ಮಟ್ಟಿಗೆ ತಡೆಯುತ್ತೆ, ಆದರೆ ಆಪರೇಷನ್ ಆದ ಮನೆಯಲ್ಲಿ ಅದನ್ನು ಯಾರು ತರ್ತಾರೆ?

ನನ್ನ ಅಮ್ಮನನ್ನೇ ನೋಡಿ. ನಾನು ಹುಟ್ಟಿದ ಮೇಲೆ ಆಪರೇಷನ್ ಆಯ್ತು. ಇಪ್ಪತ್ತೆಂಟು ವರ್ಷದಲ್ಲಿ ಒಬ್ಬ ಡಾಕ್ಟರೂ "ಒಮ್ಮೆ ಪರೀಕ್ಷೆ ಮಾಡೋಣ" ಅಂದಿಲ್ಲ. ಒಂದೇ ಒಂದು ಮಾತ್ರೆ ನುಂಗಿಲ್ಲವಾದ್ದರಿಂದ ತನಗೇನೂ ಆಗಲ್ಲ ಅಂತ ನಂಬಿದ್ದಾಳೆ, ಪಾಪ.

ಮಾತ್ರೆಯೋ, ವಂಕಿಯೋ, ಇನ್ನೊಂದೋ, ಅದು ಅವಳೂ ಡಾಕ್ಟರೂ ಕೂತು ಆರಿಸಲಿ. ಆದರೆ ಯಾವುದನ್ನೇ ಆರಿಸಿದರೂ ಪರೀಕ್ಷೆ ತಪ್ಪಬಾರದು. ಹೆದರಿಸುವ ಸಂದೇಶ ಕಳಿಸುವವರೇ, ಮುಂದಿನ ಸಲ ಕೊನೆಯಲ್ಲಿ ಈ ಒಂದು ಸಾಲು ಸೇರಿಸಿ. 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಈ ಕ್ಯಾನ್ಸರಿಗೆ ಬಲಿಯಾದವರು ಸುಮಾರು 80 ಸಾವಿರ ಅಂತ ಅಂದಾಜು. ಅವರಲ್ಲಿ ಬಹುಪಾಲು ಹೆಂಗಸರನ್ನು ಉಳಿಸಬಹುದಿತ್ತು.

ಬರೋ ಶನಿವಾರ ಅಮ್ಮ, ಅಕ್ಕ ಇಬ್ಬರಿಗೂ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ. ನನಗಿನ್ನೂ ಮೂವತ್ತಾಗಿಲ್ಲ, ಹಾಗಾಗಿ ಡ್ರೈವರ್ ಕೆಲಸ ನಂದು :)

ನಿಮ್ಮ ಮನೆಯಲ್ಲಿ ಯಾರನ್ನು ಕರೆದುಕೊಂಡು ಹೋಗ್ತೀರಿ?