ಸಫಾರಿಗೆ ಮುನ್ನ ಬೇಲಿಯ ವಿಚಾರ

ಆಫ್ರಿಕದ ಸಿಂಹ ನೋಡುವುದಕ್ಕೂ ದನಗಳ ಕಾಲುಬಾಯಿ ಜ್ವರಕ್ಕೂ ಏನು ಸಂಬಂಧ? ಮೇಲ್ನೋಟಕ್ಕೆ ಏನೂ ಇಲ್ಲ. ಆದರೆ ದಕ್ಷಿಣ ಆಫ್ರಿಕಕ್ಕೆ ಸಫಾರಿ ಹೋಗಬೇಕೆನ್ನುವ ಕುಟುಂಬ ಯಾವ ವನ್ಯಧಾಮವನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಇರುವುದು ಈ ಸಂಬಂಧದಲ್ಲೇ.

ಕಾಲುಬಾಯಿ ಜ್ವರದ ವೈರಾಣು ಆಫ್ರಿಕದ ಕಾಡೆಮ್ಮೆಯ ದೇಹದಲ್ಲಿ ವರ್ಷಗಟ್ಟಲೆ ಇದ್ದರೂ ಅದಕ್ಕೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ. ಅದೇ ವೈರಾಣು ಪಕ್ಕದ ಹಟ್ಟಿಯ ದನಕ್ಕೆ ತಗುಲಿದರೆ ರೈತನ ಕಥೆ ಮುಗಿದಂತೆ. ಆದ್ದರಿಂದ 1961ರಲ್ಲಿ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಶ್ಚಿಮ ಗಡಿಗೆ ಬೇಲಿ ಹಾಕಲಾಯಿತು. ರೋಗವನ್ನು ತಡೆಯಲು ಹಾಕಿದ ಬೇಲಿ ಪ್ರಾಣಿಗಳನ್ನೂ ತಡೆಯಿತು. ಋತುಮಾನಕ್ಕೆ ತಕ್ಕಂತೆ ಹುಲ್ಲು, ನೀರು ಹುಡುಕಿಕೊಂಡು ಪಶ್ಚಿಮಕ್ಕೆ ಹೋಗುತ್ತಿದ್ದ ವೈಲ್ಡ್‌ಬೀಸ್ಟ್ ಹಿಂಡುಗಳ ದಾರಿ ಮುಚ್ಚಿಹೋಗಿ, ಅವುಗಳ ಸಂಖ್ಯೆ ತೀವ್ರವಾಗಿ ಕುಸಿಯಿತು. ಮೂರು ದಶಕಗಳ ನಂತರ, 1993ರಲ್ಲಿ, ಕ್ರೂಗರ್‌ಗೂ ಅದರ ಪಶ್ಚಿಮಕ್ಕೆ ಅಂಟಿಕೊಂಡಿರುವ ಖಾಸಗಿ ವನ್ಯಧಾಮಗಳಿಗೂ ನಡುವಿದ್ದ ಬೇಲಿಯನ್ನು ತೆಗೆದುಹಾಕಲಾಯಿತು.

ಖಾಸಗಿ ಕಾಡು!

ಕಾಡೂ ಖಾಸಗಿಯಾಗಿರಲು ಸಾಧ್ಯವೇ ಎಂದು ನಮ್ಮ ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಯಲ್ಲಿದೆ. ಹುಲಿ ತನ್ನ ತೋಟಕ್ಕೆ ಬಂತೆಂದು ಯಾವ ತೋಟದ ಧಣಿಯೂ ಅದು ತನ್ನದೆನ್ನಲಾರ. ದಕ್ಷಿಣ ಆಫ್ರಿಕದ ಪದ್ಧತಿ ಬೇರೆ. ಅಲ್ಲಿನ 1991ರ ಒಂದು ಕಾಯ್ದೆಯ ಪ್ರಕಾರ, ಜಮೀನಿಗೆ ಸಮರ್ಪಕವಾದ ಬೇಲಿ ಇದ್ದರೆ ಒಳಗಿರುವ ಕಾಡುಪ್ರಾಣಿಗಳ ಮೇಲೆ ಮಾಲೀಕನಿಗೆ ಒಡೆತನದ ಹಕ್ಕು ಸಿಗುತ್ತದೆ. ಹೀಗಾಗಿ ದನ ಸಾಕುವುದಕ್ಕಿಂತ ಕಾಡುಪ್ರಾಣಿ ಸಾಕುವುದೇ ಲಾಭವೆಂದು ಕಂಡವರು ಅಲ್ಲಿ ಅನೇಕ. ಅವರಲ್ಲಿ ಕಾಡನ್ನು ಉಳಿಸಿದವರೂ ಇದ್ದಾರೆ, ಪ್ರಾಣಿಯನ್ನು ಬರೀ ಸರಕೆಂದು ಕಂಡವರೂ ಇದ್ದಾರೆ. ಪ್ರವಾಸಿ ಎಚ್ಚರ ವಹಿಸಬೇಕಾದ್ದು ಇಲ್ಲಿಯೇ.

ಹಾಗಾಗಿ ಮೊದಲು ಕೇಳಬೇಕಾದ ಪ್ರಶ್ನೆ: ಬೇಲಿ ಎಲ್ಲಿದೆ? ಸಾಬಿ ಸ್ಯಾಂಡ್ ಎಂಬ ಖಾಸಗಿ ವನ್ಯಧಾಮದ ವಿಸ್ತೀರ್ಣ ಸುಮಾರು 65,000 ಹೆಕ್ಟೇರ್. ಹೆಚ್ಚುಕಡಿಮೆ ನಮ್ಮ ನಾಗರಹೊಳೆ ರಾಷ್ಟ್ರೀಯ ಉದ್ಯಾನದಷ್ಟು. ಅದಕ್ಕೂ ಕ್ರೂಗರ್‌ಗೂ ನಡುವೆ ಬೇಲಿ ಇಲ್ಲ. ಕ್ರೂಗರ್ ಸುಮಾರು 19,500 ಚದರ ಕಿ.ಮೀ., ಅಂದರೆ ಕರ್ನಾಟಕದ ಹತ್ತನೇ ಒಂದು ಭಾಗ! ಸಾಬಿ ಸ್ಯಾಂಡ್‌ನ ಉತ್ತರಕ್ಕಿರುವ ತಿಂಬಾವತಿ, ಕ್ಲಾಸೆರಿಗಳೂ ಹೀಗೆಯೇ ಕ್ರೂಗರ್‌ಗೆ ತೆರೆದುಕೊಂಡಿವೆ. ಇಲ್ಲಿ ಇಂದು ಕಂಡ ಆನೆ ನಾಳೆ ಸರ್ಕಾರಿ ಕಾಡಿನಲ್ಲಿ ಇರಬಹುದು. ಅದನ್ನು ಕೇಳುವವರಿಲ್ಲ.

ಮಾದಿಕ್ವೆಯ ಕಥೆ ಇನ್ನೊಂದು. ಬೋಟ್ಸ್ವಾನ ಗಡಿಯಲ್ಲಿ ದನ ಮೇಯಿಸಿ ಬರಡಾಗಿದ್ದ ಸುಮಾರು 75,000 ಹೆಕ್ಟೇರ್ ನೆಲವನ್ನು 1991ರಲ್ಲಿ ವನ್ಯಧಾಮವಾಗಿ ಘೋಷಿಸಲಾಯಿತು. ಸುತ್ತ ಬೇಲಿ ಹಾಕಿ, ಆರು ವರ್ಷಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪ್ರಾಣಿಗಳನ್ನು ಹೊರಗಿನಿಂದ ತಂದು ಬಿಡಲಾಯಿತು. ಇದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಇನ್ನೂರು ಚಿಲ್ಲರೆ ಇದ್ದ ಆನೆಗಳು ಬೆಳೆದು ಸಾವಿರ ದಾಟಿದವು. ಹೊರಗೆ ಹೋಗಲು ದಾರಿ ಇರಲಿಲ್ಲ. 2024ರ ಬರಗಾಲದಲ್ಲಿ ಹತ್ತಾರು ಆನೆಗಳು ಮೇವಿಲ್ಲದೆ ಸತ್ತವು. ಒಂದು ನೆಲ ಎಷ್ಟು ಜೀವಿಗಳನ್ನು ಪೊರೆಯಬಲ್ಲದು ಎಂಬ ಪಾಠವನ್ನು ಪಠ್ಯಪುಸ್ತಕದಲ್ಲಿ ಓದುವ ಮಕ್ಕಳು ಈ ಉದಾಹರಣೆಯನ್ನು ಮರೆಯಬಾರದು.

ಜೀಪು ಮತ್ತು ಜೇಬು

ಎರಡನೆಯ ಪ್ರಶ್ನೆ: ನೋಡುವ ಬಗೆ ಹೇಗೆ? ಕ್ರೂಗರ್‌ನಲ್ಲಿ ಪ್ರವಾಸಿ ತನ್ನದೇ ಕಾರಿನಲ್ಲಿ ಸುತ್ತಬಹುದು. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದ ಮಿತಿ. ನಿಗದಿತ ಜಾಗಗಳ ಹೊರತು ಕಾರಿನಿಂದ ಇಳಿಯುವಂತಿಲ್ಲ, ರಸ್ತೆ ಬಿಡುವಂತಿಲ್ಲ, ಸಂಜೆ ಗೇಟು ಮುಚ್ಚುವುದರೊಳಗೆ ಬಿಡಾರ ಸೇರಬೇಕು. ಖಾಸಗಿ ಧಾಮದಲ್ಲಿ ಮೇಲ್ಛಾವಣಿ ಇಲ್ಲದ ಜೀಪು, ಮಾರ್ಗದರ್ಶಿ, ಮುಂದಿನ ತುದಿಯ ಆಸನದಲ್ಲಿ ಕುಳಿತು ಹೆಜ್ಜೆಗುರುತು ಓದುವ ಜಾಡುಗಾರ. ಚಿರತೆ ಪೊದೆಗೆ ನುಗ್ಗಿದರೆ ಜೀಪೂ ಹಿಂದೆಯೇ ಹೋಗಬಹುದು. ಕತ್ತಲಾದ ಮೇಲೂ ಸುತ್ತಾಟ ಉಂಟು. ಸಾಬಿ ಸ್ಯಾಂಡ್ ಚಿರತೆಗೆ ಹೆಸರಾಗಿರುವುದು ಇದರಿಂದಲೇ. ದಶಕಗಳಿಂದ ಜೀಪಿನಿಂದ ಅಪಾಯ ಕಾಣದ ಚಿರತೆಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಜೀಪು, ಜನ ಎಲ್ಲ ಸೇರಿ ಅವಕ್ಕೆ ಒಂದೇ ಆಕಾರ. ಯಾರಾದರೂ ಎದ್ದುನಿಂತರೆ ಆ ಆಕಾರ ಒಡೆಯುತ್ತದೆ, ಪ್ರಾಣಿ ಬೆದರುತ್ತದೆ. ‘ಕುಳಿತೇ ನೋಡಿ’ ಎಂಬ ನಿಯಮದ ಹಿಂದಿರುವ ವಿಜ್ಞಾನ ಇದು. ಒಂದು ಪ್ರಾಣಿಯ ಬಳಿ ಒಮ್ಮೆಗೆ ಎಷ್ಟು ಜೀಪುಗಳನ್ನು ಬಿಡುತ್ತಾರೆಂದು ಕೇಳಿ ತಿಳಿಯುವುದೂ ಒಳ್ಳೆಯದು. ಎರಡು–ಮೂರಕ್ಕೆ ಮಿತಿ ಹಾಕಿಕೊಂಡ ಧಾಮ ವಾಸಿ.

ಬೆಲೆ? ಅಲ್ಲಿನ ವೈಭವದ ಲಾಡ್ಜ್‌ಗಳಲ್ಲಿ ಒಬ್ಬರಿಗೆ ಒಂದು ರಾತ್ರಿಗೆ ಲಕ್ಷ ರೂಪಾಯಿ ದಾಟುವುದೂ ಉಂಟು. ಊಟ, ದಿನಕ್ಕೆರಡು ಸಫಾರಿ ಅದರಲ್ಲೇ ಸೇರಿರುತ್ತವೆ. ಮಧ್ಯಮ ವರ್ಗದ ಕುಟುಂಬಕ್ಕೆ ಜಾಣ ದಾರಿಯೆಂದರೆ ಕ್ರೂಗರ್‌ನ ಸರ್ಕಾರಿ ಬಿಡಾರಗಳಲ್ಲಿ ಮೂರು ದಿನ ಕಳೆದು, ಪಕ್ಕದ ಖಾಸಗಿ ಧಾಮದ ಸಾಧಾರಣ ಲಾಡ್ಜ್‌ನಲ್ಲಿ ಒಂದೆರಡು ರಾತ್ರಿ ತಂಗುವುದು. ಪ್ರಾಣಿಗಳು ಅವೇ ತಾನೆ!

ಮಕ್ಕಳಿದ್ದರೆ

ತಂದೆತಾಯಂದಿರು ಮೊದಲೇ ವಿಚಾರಿಸಬೇಕಾದ ಸಂಗತಿಗಳಿವೆ. ಅನೇಕ ಲಾಡ್ಜ್‌ಗಳು ಆರು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಜೀಪಿಗೆ ಹತ್ತಿಸುವುದಿಲ್ಲ. ಹಲವು ಬಿಡಾರಗಳಿಗೆ ಸುತ್ತ ಬೇಲಿ ಇರುವುದಿಲ್ಲ, ರಾತ್ರಿ ಕಾವಲುಗಾರನಿಲ್ಲದೆ ಕೋಣೆಯಿಂದ ಹೊರಗೆ ಹೆಜ್ಜೆ ಇಡಬಾರದು. ಕ್ರೂಗರ್, ಸಾಬಿ ಸ್ಯಾಂಡ್ ಎರಡೂ ಮಲೇರಿಯಾ ಪ್ರದೇಶದಲ್ಲಿವೆ. ಚಳಿಗಾಲದಲ್ಲಿ ಅಪಾಯ ಕಡಿಮೆ, ಆದರೆ ಇಲ್ಲವೆಂದಲ್ಲ. ಹೊರಡುವ ಮುನ್ನ ವೈದ್ಯರ ಸಲಹೆ ಪಡೆಯಬೇಕು, ಮರಳಿದ ಮೇಲೆ ಜ್ವರ ಬಂದರೆ ಪ್ರವಾಸದ ವಿಷಯವನ್ನು ತಪ್ಪದೇ ಅವರಿಗೆ ತಿಳಿಸಬೇಕು. ಮಾದಿಕ್ವೆಯಲ್ಲಿ ಮಲೇರಿಯಾ ಇಲ್ಲ, ಪುಟ್ಟ ಮಕ್ಕಳಿರುವವರು ಅದನ್ನು ಮೆಚ್ಚುವುದು ಇದಕ್ಕೇ.

ಅಲ್ಲಿನ ಋತುಗಳು ನಮಗೆ ತಿರುವುಮುರುವು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಚಳಿ, ಒಣಹವೆ. ಹುಲ್ಲು ತಗ್ಗಿ, ಹಳ್ಳಗಳು ಬತ್ತಿ, ಪ್ರಾಣಿಗಳು ಉಳಿದ ನೀರಿನ ಬಳಿಗೆ ಬರುತ್ತವೆ. ನಮ್ಮ ಶಾಲೆಗಳ ಬೇಸಿಗೆ ರಜೆಯ ಕೊನೆಯ ವಾರಗಳು ಇದಕ್ಕೆ ಹೊಂದುತ್ತವೆ. ಬೆಳಗಿನ ಜೀಪಿಗೆ ಸ್ವೆಟರ್ ಮರೆಯುವಂತಿಲ್ಲ.

ಕೊನೆಯ ಪ್ರಶ್ನೆ

ಕೊಟ್ಟ ಹಣ ಯಾರಿಗೆ ಹೋಗುತ್ತದೆ? ಸಾಬಿ ಸ್ಯಾಂಡ್‌ಗೆ ಸೇರಿಕೊಂಡಂತೆ ಇರುವ ಮಾಲಾಮಾಲಾ ಎಂಬ ಹೆಸರಾಂತ ಧಾಮದ ನೆಲದಿಂದ ಹಿಂದೆ ಒಂದು ಸಮುದಾಯವನ್ನು ಒಕ್ಕಲೆಬ್ಬಿಸಲಾಗಿತ್ತು. 2013ರಲ್ಲಿ ಸರ್ಕಾರ ಸುಮಾರು ನೂರು ಕೋಟಿ ರ‍್ಯಾಂಡ್ ವೆಚ್ಚದಲ್ಲಿ ಆ ನೆಲವನ್ನು ಕೊಂಡು ಅವರಿಗೆ ಮರಳಿಸಿತು. ಅವರು ಅದನ್ನು ಉಳುಮೆಗೆ ಒಡ್ಡದೆ ವನ್ಯಧಾಮವಾಗಿಯೇ ಉಳಿಸಿಕೊಂಡರು. ಬೇಲಿಯ ಹೊರಗಿನ ಹಳ್ಳಿಗೆ ಪಾಲು ಸಿಗದ ಕಾಡು ಹೆಚ್ಚು ಕಾಲ ಉಳಿಯದು.

ಇದಕ್ಕೆ ತದ್ವಿರುದ್ಧ ಸ್ಥಳಗಳೂ ಇವೆ. ಸಿಂಹದ ಮರಿಯನ್ನು ಎತ್ತಿಕೊಂಡು ಚಿತ್ರ ತೆಗೆಸಿಕೊಳ್ಳಬಹುದೆಂದು ಜಾಹೀರಾತು ನೀಡಿ ಮಕ್ಕಳನ್ನು ಸೆಳೆಯುವ ಜಾಗಗಳು. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯಿಂದ ಬೇರ್ಪಟ್ಟ ಮರಿಗಳವು. ದಕ್ಷಿಣ ಆಫ್ರಿಕದಲ್ಲಿ ಸಾವಿರಾರು ಸಿಂಹಗಳು ಹೀಗೆ ದೊಡ್ಡಿಗಳಲ್ಲಿ ಬೆಳೆದಿವೆ. ಮನುಷ್ಯನ ಭಯವಿಲ್ಲದ ಅವು ಕಾಡಿಗೆ ಮರಳಲಾರವು. ಬೆಳೆದ ಮೇಲೆ ಬೇಲಿಯೊಳಗೇ ಬೇಟೆಗಾರನ ಗುಂಡಿಗೆ ಬಲಿಯಾದವು ಎಷ್ಟೋ. ಈ ದಂಧೆಯನ್ನು ಕೊನೆಗಾಣಿಸಬೇಕೆಂದು ಅಲ್ಲಿನ ಸರ್ಕಾರ ನೇಮಿಸಿದ ಸಮಿತಿಯೇ 2021ರಲ್ಲಿ ವರದಿ ಕೊಟ್ಟಿದೆ.

ಆದ್ದರಿಂದ ಮರಿಯನ್ನು ಮುಟ್ಟಲು ಬಿಡುವ ಜಾಗ ಎಷ್ಟೇ ಅಗ್ಗವಾದರೂ ಬೇಡ. ಸಿಂಹ ಕಾಣದೆ ಹೋದ ದಿನ ಮಕ್ಕಳಿಗೆ ನಿರಾಸೆಯಾಗಬಹುದು. ಆದರೆ ಕಾಣಿಸದೇ ಇರುವ ಸ್ವಾತಂತ್ರ್ಯ ಸಿಂಹಕ್ಕಿದೆ ಎಂದರೆ ಅದು ಕಾಡು ಎಂದೇ ಅರ್ಥ. ಅಷ್ಟನ್ನು ಕಲಿತು ಬಂದರೆ ಪ್ರವಾಸದ ಖರ್ಚು ಹುಟ್ಟಿದಂತೆ.