ಹಳೆಯ ಲ್ಯಾಪ್‌ಟಾಪಿಗೆ ಹೊಸ ಮಾನಿಟರ್: ಖರೀದಿಗೆ ಮುನ್ನ ಪೋರ್ಟ್ ನೋಡಿ

ಮೈಸೂರಿನ ಶ್ರೀರಾಂಪುರದಂತಹ ಬಡಾವಣೆಗಳ ಅಂಗಡಿ, ಮುದ್ರಣಾಲಯ ಹಾಗೂ ಸಣ್ಣ ವರ್ಕ್‌ಶಾಪುಗಳಲ್ಲಿ ಹಳೆಯ ಲ್ಯಾಪ್‌ಟಾಪ್ ಇಂದಿಗೂ ದುಡಿಯುತ್ತಿರುವುದು ಅಪರೂಪದ ದೃಶ್ಯವಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಾಗ ರಿಟರ್ನ್ ಸಲ್ಲಿಸಲೆಂದೇ ಕೊಂಡ ಯಂತ್ರಗಳೂ ಇವೆ, ಅದಕ್ಕಿಂತ ಹಿಂದಿನವೂ ಇವೆ. ಯಂತ್ರ ಕೆಟ್ಟಿಲ್ಲ, ಆದರೆ ಅದರ ಪರದೆ ಚಿಕ್ಕದು, ವರ್ತಕರ ಕಣ್ಣಿಗೂ ವಯಸ್ಸಾಗಿದೆ. ಆಗ ಹೊಸ ಮಾನಿಟರೊಂದನ್ನು ತಂದು ಜೋಡಿಸುವ ಯೋಚನೆ ಸಹಜವಾಗಿಯೇ ಬರುತ್ತದೆ.

ಈ ಯೋಚನೆ ಲಾಭದಾಯಕವೇ ಸರಿ. ಹಳೆಯ ಲ್ಯಾಪ್‌ಟಾಪುಗಳ ಸಾಮಾನ್ಯ ಪರದೆ 1366×768 ಚುಕ್ಕಿಗಳದ್ದು. ಫುಲ್ ಎಚ್‌ಡಿ ಮಾನಿಟರ್ 1920×1080 ಚುಕ್ಕಿಗಳದ್ದು. ಅಂದರೆ ಒಟ್ಟು ಚುಕ್ಕಿಗಳು ಸುಮಾರು ಇಮ್ಮಡಿ. ಒಂದು ಪರದೆಯಲ್ಲಿ ಖರೀದಿ ಲೆಡ್ಜರ್, ಇನ್ನೊಂದರಲ್ಲಿ ಜಿಎಸ್‌ಟಿ ಪೋರ್ಟಲ್ ತೆರೆದಿಟ್ಟುಕೊಂಡು ತಾಳೆ ನೋಡುವವರಿಗೆ ಇದರಿಂದಾಗುವ ಅನುಕೂಲವನ್ನು ಬಿಡಿಸಿ ಹೇಳಬೇಕಾಗಿಲ್ಲ.

ತೊಡಕು ಉಂಟಾಗುವುದು ಮಾನಿಟರ್ ಮನೆಗೆ ಬಂದ ಮೇಲೆ. ಹಳೆಯ ಲ್ಯಾಪ್‌ಟಾಪಿನ ಪಕ್ಕದಲ್ಲಿರುವುದು ಮೂರು ಸಾಲುಗಳಲ್ಲಿ ಹದಿನೈದು ರಂಧ್ರಗಳಿರುವ ವಿಜಿಎ ಪೋರ್ಟ್. 1987ರಲ್ಲಿ ಐಬಿಎಂ ಬಳಕೆಗೆ ತಂದ ವ್ಯವಸ್ಥೆ ಇದು. 2015ರ ವೇಳೆಗೆ ಇದನ್ನು ಕೈಬಿಡುವುದಾಗಿ ಇಂಟೆಲ್, ಎಎಂಡಿ ಮುಂತಾದ ಕಂಪನಿಗಳು 2010ರ ಡಿಸೆಂಬರಿನಲ್ಲಿಯೇ ಪ್ರಕಟಿಸಿದ್ದವು. ಹೊಸ ಮಾನಿಟರುಗಳಲ್ಲಿ ಅನೇಕವು ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್‌ಗಳನ್ನು ಮಾತ್ರ ಹೊಂದಿವೆ. "ನಿಮ್ಮ ಲ್ಯಾಪ್‌ಟಾಪ್ ಹಳೆಯದಾಯಿತು, ಹೊಸದನ್ನೇ ಕೊಳ್ಳಿ" ಎಂಬ ಸಲಹೆ ಇಂತಹ ಸಂದರ್ಭದಲ್ಲಿ ಸುಲಭವಾಗಿ ದೊರೆಯುತ್ತದೆ. ಕೆಲವು ನೂರು ರೂಪಾಯಿಗಳ ಕನ್ವರ್ಟರಿನಿಂದ ನೀಗಬಹುದಾದ ಕೊರತೆಗೆ ಹತ್ತಾರು ಸಾವಿರ ರೂಪಾಯಿಗಳ ವೆಚ್ಚ ಬೀಳುವುದು ಹೀಗೆ.

ಕನ್ವರ್ಟರ್ ಕೊಳ್ಳುವಾಗಲೂ ಎಚ್ಚರ ಅಗತ್ಯ. ವಿಜಿಎ ಹೊರಡಿಸುವುದು ಅನಲಾಗ್ ಸಂಕೇತ. ಎಚ್‌ಡಿಎಂಐ ಬಯಸುವುದು ಡಿಜಿಟಲ್ ಸಂಕೇತ. ಆದುದರಿಂದ ಎರಡು ತುದಿಗೆ ಎರಡು ಬಗೆಯ ಪ್ಲಗ್ ಇರುವ ಬರಿಯ ಕೇಬಲ್ ಸಾಲದು. ಸಂಕೇತವನ್ನು ಪರಿವರ್ತಿಸುವ ಸರ್ಕ್ಯೂಟ್ ಬೇಕು, ಅದಕ್ಕೆ ಸಾಮಾನ್ಯವಾಗಿ ಯುಎಸ್‌ಬಿ ಮೂಲಕ ವಿದ್ಯುತ್ತೂ ಬೇಕು. ಮುಖ್ಯವಾಗಿ, ಕನ್ವರ್ಟರ್ ಒಮ್ಮುಖ ಸಂಚಾರದ ರಸ್ತೆಯಿದ್ದಂತೆ. ಹೊಸ ಲ್ಯಾಪ್‌ಟಾಪನ್ನು ಹಳೆಯ ಪ್ರೊಜೆಕ್ಟರಿಗೆ ಜೋಡಿಸುವ "ಎಚ್‌ಡಿಎಂಐನಿಂದ ವಿಜಿಎ" ಸಾಧನವನ್ನು ತಿರುಗಿಸಿ ಬಳಸಲಾಗದು; ಇಲ್ಲಿ ಬೇಕಾದುದು "ವಿಜಿಎಯಿಂದ ಎಚ್‌ಡಿಎಂಐ". ವಿಜಿಎಯಲ್ಲಿ ಧ್ವನಿ ಬಾರದು ಎಂಬುದೂ ನೆನಪಿರಬೇಕು.

ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಇದ್ದರೆ ಕೆಲಸ ಸುಲಭ. ಆದರೂ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. 2009ರ ಎಚ್‌ಡಿಎಂಐ 1.4 ಮಾದರಿಯು 4ಕೆ ಚಿತ್ರವನ್ನು ಸೆಕೆಂಡಿಗೆ 30 ಬಾರಿ ಮಾತ್ರ ಕಳುಹಿಸಬಲ್ಲದು; 60 ಬಾರಿ ಕಳುಹಿಸುವ ಶಕ್ತಿ ಬಂದುದು 2013ರ 2.0 ಮಾದರಿಯಲ್ಲಿ. ಅದಕ್ಕೂ ಹಿಂದಿನ ಯಂತ್ರಗಳಿಗೆ 4ಕೆ ನಿಲುಕುವುದೇ ಇಲ್ಲ. ಬಿಲ್ಲು ಬರೆಯುವ ಕೆಲಸಕ್ಕೆ ಫುಲ್ ಎಚ್‌ಡಿ ಮಾನಿಟರ್ ಸಾಕಾಗಿರುವಾಗ, ಹಳೆಯ ಲ್ಯಾಪ್‌ಟಾಪಿಗೆ 4ಕೆ ಮಾನಿಟರ್ ಕೊಳ್ಳುವುದು ಬಂಡವಾಳವನ್ನು ಗೋಡೆಗೆ ತೂಗುಹಾಕಿದಂತೆ. ಹಾಗೆಯೇ, ಟೈಪ್-ಸಿ ಕೇಬಲಿನಿಂದಲೇ ಎಲ್ಲವೂ ನಡೆಯುತ್ತದೆಂಬ ಮಾನಿಟರಿನ ವಿಶೇಷತೆಗೆ ಹಳೆಯ ಲ್ಯಾಪ್‌ಟಾಪಿನವರು ಹೆಚ್ಚಿನ ಬೆಲೆ ತೆರಬೇಕಾಗಿಲ್ಲ.

ಮಾರಾಟಗಾರರ ವಾದದಲ್ಲಿಯೂ ಹುರುಳಿಲ್ಲದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಭದ್ರತಾ ಪರಿಷ್ಕರಣೆ ದೊರೆಯದ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ನಡೆಸುವುದು ವಿವೇಕವಲ್ಲ. ಅಂತಹವರು ಯಂತ್ರವನ್ನು ಬದಲಾಯಿಸುವುದೇ ಲೇಸು. ಆದರೆ ಅದು ಭದ್ರತೆಯ ಕಾರಣದಿಂದ ಕೈಗೊಳ್ಳಬೇಕಾದ ನಿರ್ಧಾರವೇ ಹೊರತು ಪ್ಲಗ್ ಕೂಡಿಕೊಳ್ಳಲಿಲ್ಲವೆಂಬ ಕಾರಣದಿಂದಲ್ಲ. ಆಗಲೂ ಮಾನಿಟರ್ ವ್ಯರ್ಥವಾಗದು. ಹೊಸ ಯಂತ್ರಕ್ಕೂ ಅದೇ ಒದಗುತ್ತದೆ.

ವರ್ತಕರು ಗಮನಿಸಬೇಕಾದ ಇನ್ನೊಂದು ಅಂಶವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವಾಣಿಜ್ಯ ಉದ್ದೇಶಕ್ಕೆ ಸರಕು ಕೊಳ್ಳುವವರು "ಗ್ರಾಹಕ"ರಲ್ಲ. ಸ್ವಯಂ ಉದ್ಯೋಗದಿಂದ ಜೀವನ ನಡೆಸುವುದಕ್ಕಾಗಿಯೇ ಕೊಳ್ಳುವವರಿಗೆ ಮಾತ್ರ ವಿನಾಯಿತಿ ಇದೆ. ಹೀಗಾಗಿ, ಸರಕು ಹೊಂದದಿದ್ದರೆ ಗ್ರಾಹಕ ಆಯೋಗದ ಬಾಗಿಲು ಎಲ್ಲ ವ್ಯಾಪಾರಿಗಳಿಗೂ ತೆರೆದಿರುವುದಿಲ್ಲ. ಬಿಲ್ಲಿನ ಮೇಲಿನ ಒಂದು ಸಾಲಿಗೆ ಇಲ್ಲಿ ಬೆಲೆ ಬರುತ್ತದೆ.

ಆದುದರಿಂದ ಕೊಳ್ಳುವವರು ಲ್ಯಾಪ್‌ಟಾಪನ್ನು, ಸಾಧ್ಯವಾಗದಿದ್ದರೆ ಅದರ ಎರಡೂ ಪಕ್ಕಗಳ ಮೊಬೈಲ್ ಚಿತ್ರವನ್ನು, ಅಂಗಡಿಗೆ ಒಯ್ಯಬೇಕು. ಮಾನಿಟರನ್ನು ಅಲ್ಲಿಯೇ ಜೋಡಿಸಿ, ವಿಂಡೋಸ್ ಕೀಲಿಯೊಡನೆ "ಪಿ" ಒತ್ತಿ, ಚಿತ್ರ ಮೂಡುವುದನ್ನು ಕಣ್ಣಾರೆ ನೋಡಬೇಕು. ಮಾರುವವರು "ಈ ಮಾದರಿಯ ಲ್ಯಾಪ್‌ಟಾಪಿಗೆ ಹೊಂದದಿದ್ದಲ್ಲಿ ಹಿಂಪಡೆಯಲಾಗುವುದು" ಎಂದು ಬಿಲ್ಲಿನಲ್ಲಿ ಬರೆದುಕೊಡುವ ಪದ್ಧತಿಯನ್ನು ರೂಢಿಸಿಕೊಳ್ಳಬೇಕು. ಕನ್ವರ್ಟರ್ ಒಂದನ್ನು ಮಾರಿ ಗಿರಾಕಿಯನ್ನು ಉಳಿಸಿಕೊಂಡ ಅಂಗಡಿಗೆ, ಮುಂದೆ ಲ್ಯಾಪ್‌ಟಾಪ್ ಬೇಕಾದಾಗಲೂ ಆತನೇ ಬರುತ್ತಾನೆ. ನೆರೆಹೊರೆಯ ವ್ಯಾಪಾರ ನಿಂತಿರುವುದು ಆ ನಂಬಿಕೆಯ ಮೇಲೆಯೇ.